ಕಾರ್ಡಿನ ಬೆನ್ನು

ಗಂಜಿನಾಗ, ಬ್ಯಾಂಕಿನ ಮ್ಯಾಲಿನ ಅಂತಸ್ತಿನಾಗ
ತಿಂಗಳ ಎರಡನೇ ಶನಿವಾರ ಸಂಜಿ ಐದಕ್ಕ
ಸಣ್ಣ ಉದ್ದಿಮೆದಾರರ ಸಂಘ ಕೂಡ್ತದ.
ಮೆಟ್ಟಿಲು ಇಪ್ಪತ್ಮೂರು. ಎಣಿಸೀನಿ,
ಯಾಕಂದ್ರ ಮೊದಲ ಸಲ ಹನ್ನೆರಡಕ್ಕೇ ನಿಂತು
ತಿರುಗಿ ಇಳಿದಿದ್ದೆ.

ಸದಸ್ಯತ್ವದ ರಸೀದಿ
ಬ್ಲೌಸಿನ ಅಳತಿ ಬರೆಯೋ ವಹಿಯೊಳಗಿತ್ತು.
ಐದುನೂರು ಕಾರ್ಡು ಹೊಡೆಸಿದ್ದೆ:
"ನೀಲಗಂಗಾ ಹೊಲಿಗೆ ಕೇಂದ್ರ, ಬ್ರಹ್ಮಪುರ.
ದಾಲ್ ಮಿಲ್ಲಿನ ಧೂಳಚೀಲ ಹೊಲಿದು ಕೊಡಲಾಗುವುದು."
"ಕೊಡಲಾಗುವುದು" ಅಂತ ನಾ ಯಾವತ್ತೂ ಮಾತಾಡಿಲ್ಲ;
ಪ್ರೆಸ್ಸಿನವ ಹಾಕಿದ, ನಾ ಸುಮ್ಮನಾದೆ.

ಧೂಳಚೀಲ ಅಂದ್ರ, ಗೊತ್ತಿಲ್ಲದವರಿಗೆ ಹೇಳಬೇಕು,
ತೊಗರಿ ಸಿಪ್ಪಿ ಬಿಡೋ ಹೊತ್ತಿನಾಗ ಏಳೋ ಹಳದಿ ಹೊಗಿಯನ್ನ
ಹಿಡಿದು ಕೂಡಸೋ ಉದ್ದ ಅರಿವಿಯ ಕೊಳವಿ.
ಆಳೆತ್ತರ ಅಲ್ಲ, ಎರಡಾಳೆತ್ತರ.
ಹೊಲಿಗಿ ಒಂದೆಳಿ ಸಡಿಲಾದ್ರ
ಕೆಳಗ ಕಾಳು ಹಸನ ಮಾಡೋ ಹೆಣಮಕ್ಕಳ ರೆಪ್ಪಿ ಹಳದಿ,
ರಾತ್ರಿಯೆಲ್ಲ ಕೆಮ್ಮು.
ಹದಿನಾಲ್ಕು ವರ್ಷ ಆ ಕೆಮ್ಮು ನಂದೇ ಇತ್ತು.
ಇದನ್ನ ಕಾರ್ಡಿನಾಗ ಎಲ್ಲಿ ಬರಸೋದು?

ಕುರ್ಚಿ ನಲವತ್ತು, ಮಂದಿ ಮೂವತ್ತು.
ನನ್ನ ಎಡಬಲ ಎರಡೆರಡು ಕುರ್ಚಿ ಖಾಲಿ ಬಿಟ್ಟು ಕುಂತರು,
ಅದೂ ಮರ್ಯಾದಿಗೇ.
ಜಿಎಸ್‌ಟಿ ಮಾತಾಯ್ತು, ಕರೆಂಟಿನ ಮಾತಾಯ್ತು,
ಸೆಕ್ರೆಟರಿ "ಪರಸ್ಪರ ಸಂಪರ್ಕವೇ ನಮ್ಮ ಬಂಡವಾಳ" ಅಂದ್ರು,
ಅಂದವರೇ ಫೋನು ಬಂತಂತ ಹೊರಗ ಹೋದ್ರು.
ಸುಸಲಾ ಬಂತು, ಮಿರ್ಚಿ ಬಂತು.
ಎಣ್ಣಿಗೈಲೇ ಹನ್ನೊಂದು ಕಾರ್ಡು ಹಂಚಿದೆ.
"ಛಲೋ ಆಯ್ತ್ರಿ ಅಕ್ಕೋರ" ಅಂದ್ರು.
ಕಿಸೆಕ್ಕ ಹೋದವು, ಕಿಸೆದಾಗಿಂದ ಧೋಬಿಗೆ ಹೋದವು.
ಒಂದು ಮಾತ್ರ ಮೇಜಿನ ಮ್ಯಾಲೇ ಉಳೀತು,
ಮೂಲಿಗೆ ಮಿರ್ಚಿಯ ಕಲಿ.

ಎರಡು ತಿಂಗಳು ಫೋನು
ಬ್ಲೌಸಿಗೇ ಬಾರಿಸ್ತು.

ಆಮ್ಯಾಲ ತಿಳಿದದ್ದು:
ದಲ್ಲಾಳಿ ಅಣವೀರಪ್ಪಗ ಅವತ್ತು ಕಾಗದ ಸಿಕ್ಕಿಲ್ಲ.
ಮೇಜಿನ ಮ್ಯಾಲಿನ ನನ್ನ ಕಾರ್ಡು ಬೋರಲು ಹಾಕಿ
ತೊಗರಿ ಧಾರಣಿ ಬರೆದ, ಕ್ವಿಂಟಲ್ಲಿಗಿಷ್ಟು, ತೇವ ಇಷ್ಟು.
ನೋಡಿದವ ಅದರ ಕೆಳಗ ಹತ್ತು ರೂಪಾಯಿ ಮುರಿದು
ಇನ್ನೊಬ್ಬಗ ಕೊಟ್ಟ.
ಲಾರಿಯ ಗ್ಲಾಸಿಗೆ ಸಿಕ್ಕಿಸಿಕೊಂಡು ಸೇಡಂಗೆ ಹೋಗಿ ಬಂತು,
ಶಹಾಬಾದಿನಾಗ ಒಂದು ರಾತ್ರಿ ಚಹಾದ ಬಟ್ಟಲು ಮುಚ್ಚಿತು.
ನಾಕು ಕೈಯ ಬರಹ ಹೊತ್ತು ಕಡೀಕ
ಹುಮನಾಬಾದ್ ರಸ್ತಾದ ಸಲಾರ್ ಪಟೇಲರ ಮಿಲ್ಲು ಮುಟ್ಟಿತು.
ಸವದಾ ಮುಗಿದಿತ್ತು. ಹರಿದು ಒಗೀಬೇಕು.
ಆ ಹೊತ್ತಿಗೇ ಒಳಗ ಚೀಲ ಸೀಳಿ
ಅಂಗಳಕ್ಕೆಲ್ಲ ಹಳದಿ ಕವೀತಂತ.
ಪಟೇಲರು ಕೆಮ್ಮಿಕೋತ ಕಾರ್ಡು ಬಾಯಿಗೆ ಅಡ್ಡ ಹಿಡಿದ್ರಂತ,
ಬಾಯಿ ಕಡೆ ಧಾರಣಿ,
ಎದುರು ನಿಂತ ಗುಮಾಸ್ತನ ಕಡೆ ನನ್ನ ಹೆಸರು.
"ಸಾಹೇಬ್ರ, ನಂಬರು ನಿಮ್ಮ ಕೈಯಾಗೇ ಅದ."

ಈಗ ಆರು ಮಿಲ್ಲು. ಮೂರು ಮಷಿನು,
ಕೂಡ ಅನುಸೂಯಾ, ಖೈರುನ್ನಿಸಾ.
ಮೀಟಿಂಗಿನಾಗ ಪಕ್ಕದ ಖಾಲಿ ಕುರ್ಚಿ
ಎರಡರಿಂದ ಒಂದಕ್ಕ ಬಂದದ.
ಸೆಕ್ರೆಟರಿ ನನ್ನ ಎಬ್ಬಿಸಿ ನಿಲ್ಲಿಸಿ
"ಸಂಘದಿಂದ ಬೆಳೆದವರು" ಅಂದ್ರು, ಚಪ್ಪಾಳಿ ಬಿತ್ತು.
ಸುಳ್ಳಲ್ಲ. ಪೂರಾ ಖರೇನೂ ಅಲ್ಲ.
ಆದ್ರ ಮೇಜು ಸಂಘದ್ದೇ ಇತ್ತಲ್ಲ.

ಮತ್ತ ಸಾವಿರ ಕಾರ್ಡು. ಪ್ರೆಸ್ಸಿನವ ಕೇಳಿದ,
"ಹಿಂದ ಇಂಗ್ಲಿಷ್ ಹಾಕಲೇನ್ರಿ, ಇಲ್ಲಾ ದೇವರ ಫೋಟೋ?"
ಬ್ಯಾಡ, ಖಾಲಿ ಬಿಡು ಅಂದೆ.
ಮಂದಿಗೆ ಬರೆಯೋದು ಇರತದ.

ಮೊನ್ನಿ ಶನಿವಾರ ಏರೋ ಮುಂದ
ಹನ್ನೆರಡನೇ ಮೆಟ್ಟಿಲ ಮ್ಯಾಲ ಒಬ್ಬ ಹುಡುಗ ನಿಂತಿದ್ದ,
ಕೈಯಾಗ ಕಾರ್ಡಿನ ಡಬ್ಬಿ, ರಬ್ಬರು ಇನ್ನೂ ಬಿಚ್ಚಿಲ್ಲ.
ಏನ್ ಮಾಡ್ತಿ?
"ಮಿಲ್ಲಿನ ಬೆಲ್ಟ್ ಜೋಡಸ್ತೀನ್ರಿ."
ನನ್ನ ಕಾರ್ಡು ಬೋರಲು ಮಾಡಿ, ಗೋಡಿಗೆ ಒತ್ತಿ
ಅವನ ನಂಬರು ಬರಕೊಂಡೆ.
ಇನ್ನ ಹನ್ನೊಂದೇ ಅವ, ನಡಿ.