ಬಿಟ್ಟ ಸ್ಥಳ

ಸೊಹಾರ್ ಬಂದರಿನ ಎಣ್ಣೆ ಟ್ಯಾಂಕುಗಳಿಗೆ
ಹದಿನೇಳು ವರ್ಷ ಬಣ್ಣ ಹೊಡೆದವನು ನಾನು.
ಒಂದು ಟ್ಯಾಂಕು ಕುಡಿಯುವ ಬಣ್ಣದಲ್ಲಿ
ಗಂಗೊಳ್ಳಿಯ ದೋಣಿಗಳೆಲ್ಲ ಎರಡು ಸಲ ಮಿಂದೇಳಬಹುದು.
ಆದರೂ ಈ ಶುಕ್ರವಾರ
ಅಂಗೈಯಗಲದ ಕಾಗದದ ಮುಂದೆ
ಕೈ ನಡುಗಿತು.

ನೂರು ಬೈಸಾ ಅಂಗಡಿಯ ಡಬ್ಬಿ, ಹನ್ನೆರಡು ಬಿಲ್ಲೆ.
ಏಸಿ ತೊಟ್ಟಿಕ್ಕುವಲ್ಲಿ ಇಟ್ಟು ತುಂಬಿಸಿದ
ಅರ್ಧ ಕೊಯ್ದ ಬಾಟಲಿ.
ಕ್ಯಾಂಪಿನ ತಾರಸಿಯಲ್ಲಿ ಹದಿನಾಲ್ಕು ಡಾಂಗ್ರಿಗಳು ಒಣಗುತ್ತಿದ್ದವು;
ಅವುಗಳ ಕಾಲಸಂದಿಯಲ್ಲಿ ಬೆಟ್ಟ.
"ಮೂರೇ ಸಾಕು," ಅಂದ ರೊಡೆಲ್,
"ಆಕಾಶ, ಬೆಟ್ಟ, ನೆಲ. ಮೊದಲ ಸಲಕ್ಕೆ ಹೆಚ್ಚು ಆಸೆ ಬೇಡ."
ರೊಡೆಲ್ ವೆಲ್ಡರ್. ತನ್ನೂರಿನ ಇಗರ್ಜಿಯಲ್ಲಿ
ದೇವದೂತರಿಗೆ ರೆಕ್ಕೆ ಬರೆದವನಂತೆ.

ನನಗೆ ಗೊತ್ತಿದ್ದದ್ದು ಒಂದೇ ಚಿತ್ರ:
ಎರಡು ತ್ರಿಕೋನ, ನಡುವೆ ಅರ್ಧ ಸೂರ್ಯ,
ಇಂಗ್ಲಿಷ್ ಮೂರನ್ನು ಮಗುಚಿ ಹಾಕಿದ ಹಕ್ಕಿಗಳು.
ಅದನ್ನೇ ಎಳೆದೆ.
ಅವನು ನನ್ನ ಗಲ್ಲ ಹಿಡಿದು ತಿರುಗಿಸಿದ:
"ಅಲ್ಲಿ ಎಲ್ಲಿದೆ ತ್ರಿಕೋನ?"

ಇರಲಿಲ್ಲ.
ಯಾರೋ ಮಡಚದೆ ಎಸೆದು ಹೋದ ತಾರ್ಪಾಲಿನಂತೆ
ಉದ್ದಕ್ಕೂ ಬಿದ್ದುಕೊಂಡಿತ್ತು ಹಜರ್ ಬೆಟ್ಟ.
ಕಂದು ಅನ್ನೋಣವೆಂದರೆ ಕಂದಲ್ಲ.
ಕಾರ್ಡಿನ ನಂಬರು ಹೇಳಿದರೆ
ಕತ್ತಲಲ್ಲೂ ಬಣ್ಣ ಕಲಸಬಲ್ಲ ನಾನು
ನಂಬರಿಲ್ಲದ ಇದರ ಮುಂದೆ ಕಕ್ಕಾಬಿಕ್ಕಿ.
ಹಾಲು ಕಡಿಮೆಯಾದ ಚಾ,
ಅದರಲ್ಲಿ ಬಿದ್ದ ಬೀಡಿ ಬೂದಿ, ಹಾಗೆ ಏನೋ.

ಕುಂಚದ ನೀರು ಕಾಗದ ಮುಟ್ಟುವ ಮೊದಲೇ ಆರುತ್ತದೆ ಇಲ್ಲಿ.
ಆಕಾಶ ಅರ್ಧಕ್ಕೇ ಗೆರೆಗಟ್ಟಿತು.
ಎರಡನೇ ಕೋಟ್ ಕೊಟ್ಟೆ, ಮೂರನೆಯದೂ.
ಕಾಗದ ಎದ್ದು ಹಪ್ಪಳವಾಯಿತು.
ಅಭ್ಯಾಸಬಲ, ಜೇಬಿನಿಂದ ಗೇಜು ತೆಗೆದು
ಆಕಾಶದ ಮೇಲಿಟ್ಟೆ,
ಎಷ್ಟು ಮೈಕ್ರಾನ್ ಕೂತಿದೆ ನೋಡೋಣವೆಂದು.
ಕಬ್ಬಿಣ ಸಿಗದೆ ಅದು ಬರೀ ಗೀಟು ತೋರಿಸಿತು.

ರೊಡೆಲ್ ನಗಲಿಲ್ಲ. ಇನ್ನೊಂದು ಹಾಳೆ ಕೊಟ್ಟ.
"ಬೆಳಕಿಗೆ ಬಿಳಿ ಹಚ್ಚಬೇಡ. ಡಬ್ಬಿಯ ಬಿಳಿ ಸುಳ್ಳು.
ಬೆಳಕಿರುವಲ್ಲಿ ಕಾಗದವನ್ನು ಬಿಟ್ಟುಬಿಡು."

ಬಿಟ್ಟುಬಿಡುವುದೇ?
ನಮ್ಮ ಕೆಲಸದಲ್ಲಿ ಬಣ್ಣ ತಾಗದೆ ಉಳಿದ ಚುಕ್ಕೆಗೆ
ಹಾಲಿಡೇ ಅನ್ನುತ್ತಾರೆ.
ಇನ್‌ಸ್ಪೆಕ್ಟರ್ ದರ್ವೇಶ್ ತಂತಿ ಕಟ್ಟಿದ ಒದ್ದೆ ಸ್ಪಂಜಿನಿಂದ
ಟ್ಯಾಂಕಿನ ಮೈಯೆಲ್ಲ ಸವರುತ್ತ ಬರುತ್ತಾನೆ.
ಸೂಜಿಮೊನೆಯಷ್ಟು ಸಿಕ್ಕಿದರೂ ಬೀಪ್.
ಸೀಮೆಸುಣ್ಣದ ಸೊನ್ನೆ, ಪಕ್ಕದಲ್ಲಿ ನನ್ನ ಹೆಸರು,
ಅರ್ಧ ದಿನದ ಸಂಬಳ ಖೋತಾ.
'ಬಿಟ್ಟ ಸ್ಥಳ ತುಂಬಿರಿ' ಅಂದಿದ್ದರು ಶೀನ ಮಾಷ್ಟ್ರು;
ಅಲ್ಲಿ ಏಳನೇ ಕ್ಲಾಸಿನಲ್ಲಿ ಆಗದ್ದನ್ನು
ಇಲ್ಲಿ ಹಗ್ಗಕ್ಕೆ ನೇತುಬಿದ್ದು ತುಂಬುತ್ತಲೇ ಇದ್ದೇನೆ.

ಕೈ ಒಪ್ಪಲೊಲ್ಲದು.
ಬೆಟ್ಟದ ನೆತ್ತಿಯ ಬಳಿ ಕುಂಚ ಬಂದಾಗೆಲ್ಲ
ನನ್ನೊಳಗೆ ಬೀಪ್.
ಕೊನೆಗೆ ಉಸಿರು ಕಟ್ಟಿ
ಒಂದು ಬೆರಳಗಲ ದಾಟಿಸಿದೆ, ಮುಟ್ಟದೆ.

ಮಗ್ರಿಬ್ ಬಾಂಗಿನ ಹೊತ್ತಿಗೆ
ಡಾಂಗ್ರಿ ತೆಗೆಯಲು ಬಂದ ಶೇರ್‌ಜಮಾನ್,
ಚಿತ್ರಾಲ್ ಕಡೆಯವನು, ಬಗ್ಗಿ ನೋಡಿದ.
ಹಪ್ಪಳದ ಆಕಾಶ ಅವನ ಕಣ್ಣಿಗೆ ಬೀಳಲಿಲ್ಲ.
ನೆಲವಂತೂ ನೆಲದ ಹಾಗೇ ಇರಲಿಲ್ಲ, ಅದೂ ಬೀಳಲಿಲ್ಲ.
ಬೆರಳಿಟ್ಟದ್ದು ನೇರ ಬಿಟ್ಟ ಜಾಗಕ್ಕೆ.
"ಹಿಮ," ಅಂದ. "ಇಲ್ಲಿ ಯಾವಾಗ ಬಿತ್ತು?"

ಹೌದು ಅನ್ನಲಿಲ್ಲ ನಾನು, ಅಲ್ಲವೆಂದೂ ಅನ್ನಲಿಲ್ಲ.
ಒಣಗಿದ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು
ಅವನು ತುಸು ಹೊತ್ತು ಅಲ್ಲೇ ನಿಂತ.

ಶನಿವಾರ, ಟ್ಯಾಂಕ್ ನಂಬರ್ ಹದಿನಾಲ್ಕು.
ಇಪ್ಪತ್ತು ಮೀಟರ್ ಎತ್ತರದಲ್ಲಿ, ಗನ್ನು ಕೈಯಲ್ಲಿ.
ಬಿಸಿಲು ಏರುವ ಮೊದಲಿನ ಐದು ನಿಮಿಷ
ಬೆಟ್ಟದ ಕೊರಕಲುಗಳಲ್ಲಿ ಒಂದು ನೇರಳೆ ಇರುತ್ತದೆ.
ಹಣ್ಣಿನದಲ್ಲ; ಹಣ್ಣು ತಿಂದ ಮರುದಿನವೂ
ನಾಲಗೆಯ ಮೇಲೆ ಉಳಿಯುವುದು.
ನನ್ನ ಡಬ್ಬಿಯ ಹನ್ನೆರಡರಲ್ಲಿ ಅದಿಲ್ಲ.

ಕೆಳಗಿನಿಂದ ದರ್ವೇಶ್ ಕೂಗಿದ, ಯಾಕೆ ನಿಂತೆ ಎಂದು.
ಗನ್ನಿನ ಮೂತಿಯಲ್ಲಿ ಬಣ್ಣ ಒಣಗುತ್ತಿತ್ತು.