ಒಳಮಗ್ಗುಲು

"ಯಾವ ಇಸವಿಯದು?" ಎನ್ನುತ್ತಾರೆ ಬೆರಿಲ್,
ಟಾಡ್ಮೊರ್ಡನ್ ಮಾರ್ಕೆಟ್ಟಿನ ನನ್ನ ಮೇಜಿಗೆ
ಅಮ್ಮನ ನೀಲಿ ಕ್ರೇಪ್ ಫ್ರಾಕು ಚೆಲ್ಲಿ.

ಒಳಮಗ್ಗುಲು ತಿರುಗಿಸುತ್ತೇನೆ.
ಮುಖ ಸುಳ್ಳಾಡೀತು, ಒಳಹೊಲಿಗೆ ಆಡದು.
ಎಡಪಕ್ಕೆಗೆ ಲೋಹದ ಜಿಪ್ಪು,
ಜಿಪುಣ ಅಂಚು, ಯುದ್ಧಕಾಲದ ಬಟ್ಟೆ:
ನಲವತ್ಮೂರು. ಹೆಚ್ಚೆಂದರೆ ನಲವತ್ತೈದು.

ಸೊಂಟದಲ್ಲಿ ಮಾತ್ರ ಮೂರು ಸಾಲು ಸೂಜಿತೂತು.
ಬಿಚ್ಚಿದ್ದಾರೆ, ಮತ್ತೂ ಬಿಚ್ಚಿದ್ದಾರೆ,
ಆಮೇಲೆ ಒಮ್ಮೆಲೇ ಬಿಗಿದಿದ್ದಾರೆ
ಕೈಗೆ ಸಿಕ್ಕ ಕಪ್ಪು ದಾರದಲ್ಲಿ.

"ಅಮ್ಮನಿಗೆ ನಾನೊಬ್ಬಳೇ," ಅನ್ನುತ್ತಾರೆ ಬೆರಿಲ್,
"ಐವತ್ತೊಂದರಲ್ಲಿ ಹುಟ್ಟಿದ್ದು."

ನಾನು ಆರೈಕೆಯ ಮಾತಿಗೆ ಬರುತ್ತೇನೆ.
ಹ್ಯಾಂಗರ್ ಬೇಡ, ಭುಜ ಜೋತೀತು.
ನೀರು ಕಂಡರೆ ಕ್ರೇಪ್ ಕುಗ್ಗುತ್ತೆ.
ಬಿಳಿ ಕಾಗದ ಸುತ್ತಿ ಮಲಗಿಸಿ,
ಮಡಿಸಿದ ಗೆರೆ ಆಗಾಗ ಬದಲಿಸಿ.

ಅವರ ಹೆಬ್ಬೆರಳು
ಇನ್ನೂ ಆ ತೂತುಗಳ ಮೇಲೇ ಇದೆ.