ಕೊನೆಯ ಫೆರಿ

ಪಣಜಿಯಲ್ಲಿ ಕೂತು, ನದಿಯಾಚೆ ಚೋಡಣದ
ಸೊಸೈಟಿ ಯಂತ್ರಕ್ಕೆ ಹೊಸ ಅಡ್ರೆಸ್ ಬರೆದೆ:
ಒಂದೇ ಸಾಲು, ನಾಲ್ಕು ಸಂಖ್ಯೆ, ನಡುವೆ ಮೂರು ಚುಕ್ಕಿ.
ಎಂಟರ್ ಒತ್ತಿದೆ.
ಮಿಣುಕುತ್ತಿದ್ದ ಕರ್ಸರ್ ಕಲ್ಲಾಯಿತು.

ಕೂತ ಕೊಂಬೆ ಕಡಿದವನ ಕತೆ ಗೊತ್ತಿತ್ತು.
ಕೊಂಬೆ ಇಷ್ಟು ಸದ್ದಿಲ್ಲದೆ ಮುರಿಯುತ್ತದೆಂದು ಗೊತ್ತಿರಲಿಲ್ಲ.

ರಿಬಂದರಿನ ಧಕ್ಕೆಯಲ್ಲಿ ಸರಪಳಿ ಹಿಡಿದು
ಕುಷ್ಟಾ ಎಣಿಸುತ್ತಾನೆ:
ಮೀನಿನ ಟೆಂಪೊ ಮೊದಲು, ಆಮೇಲೆ ಸ್ಕೂಟರು,
ಕಾರು ಎರಡೇ. ಉಳಿದವರು ನಿಲ್ಲಿ.
ಯಾರದೂ ತಕರಾರಿಲ್ಲ.
ಇದನ್ನೇ ನಾನು ಸಂಜೆಯಿಡೀ
ಹದಿನಾಲ್ಕು ಸಾಲು ಬರೆದು, ಅಳಿಸಿ, ಬರೆದು ಹೆಣಗಿದ್ದೆ:
ಯಾವುದು ಮುಂದೆ, ಯಾವುದಕ್ಕೆ ಎಷ್ಟು,
ಯಾವುದು ಕಾಯಲಿ.

ಇನಾಸ್ ಬೀಗ ತೆಗೆದ. 'ಹೋದದ್ದು ಲೈಟಾ?'
'ಅಲ್ಲ, ದಾರಿ.'

ಒಳಗೆ ಯಂತ್ರ ಆರಾಮಾಗಿತ್ತು,
ಫ್ಯಾನು ತಿರುಗಿಸಿಕೊಂಡು,
ಇಲ್ಲದ ಬಾಗಿಲೊಂದನ್ನು ಬಡಿಯುತ್ತ.
ಗೇಟ್‌ವೇಯ ಕೊನೆಗೆ ಒಂದನ್ನು ಎರಡು ಸಲ ಒತ್ತಿದ್ದೆ;
ಒಂದು ಒಂದನ್ನು ಅಳಿಸಿದೆ.
ಪಣಜಿಗೆ ಪಿಂಗ್ ಕಳಿಸಿದೆ.
ಎಂಟು ಮಿಲಿಸೆಕೆಂಡಿಗೆ ಓ ಎಂದಿತು.

ಹೊರಗೆ ಫೆರಿಯ ದೀಪ
ಆಗಲೇ ನಡುನೀರಿನಲ್ಲಿ, ಆ ದಡದ ಕಡೆಗೆ.
ಇನಾಸ್ ಏನೂ ಕೇಳದೆ
ಕೌಂಟರಿನ ಹಿಂದೆ ಇನ್ನೊಂದು ಚಾಪೆ ಹಾಸಿದ.